‘ಜನ ಗಣ ಮನ’ ಬ್ರಿಟಿಷ್ ರಾಜನಿಗೆ ಬರೆದ ಹಾಡಾ?

ಓದುಗರ ಪ್ರಶ್ನೆ: ನಮ್ಮ ರಾಷ್ಟ್ರಗೀತೆಯನ್ನು ಐದನೇ ಜಾರ್ಜ್‌ನನ್ನು ಹೊಗಳಲು ಬರೆದದ್ದಂತೆ, ನಿಜಾನಾ?

ಅಲ್ಲ. ಆಗಸ್ಟ್‌ನಲ್ಲೊಮ್ಮೆ, ಜನವರಿಯಲ್ಲೊಮ್ಮೆ ಈ ಪ್ರಶ್ನೆ ತಪ್ಪದೆ ಬರುತ್ತದೆ, ಜೊತೆಗೆ ಅದೇ ಹಳೇ ವಾಟ್ಸ್ಆ್ಯಪ್ ಫಾರ್ವರ್ಡ್. ಉತ್ತರ ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ.

1911ರ ಡಿಸೆಂಬರ್ 27, ಕಲ್ಕತ್ತಾ, ಕಾಂಗ್ರೆಸ್ ಅಧಿವೇಶನದ ಎರಡನೇ ದಿನ. ಅದೇ ತಿಂಗಳ 12ರಂದು ಐದನೇ ಜಾರ್ಜ್ ನಡೆಸಿದ ದೆಹಲಿ ದರ್ಬಾರಿನಲ್ಲಿ ಬಂಗಾಳದ ವಿಭಜನೆ ರದ್ದಾಗಿತ್ತು, ಅದಕ್ಕೆ ರಾಜನಿಗೆ ಕೃತಜ್ಞತೆ ಹೇಳುವ ನಿರ್ಣಯ ಅವತ್ತಿನ ಪಟ್ಟಿಯಲ್ಲಿತ್ತು. ಮೊದಲು ಟಾಗೋರರ ಹಾಡು. ಆಮೇಲೆ ನಿರ್ಣಯ. ಅದಾದ ಮೇಲೆ ರಾಜನನ್ನು ಹೊಗಳುವ ಹಿಂದಿ ಹಾಡೊಂದನ್ನು ಹಾಡಿದರು, ಬರೆದವರು ರಾಮಭುಜ್ ಚೌಧರಿ. ಮರುದಿನ ಕಲ್ಕತ್ತೆಯ ಇಂಗ್ಲಿಷರ ಪತ್ರಿಕೆಗಳು ಎರಡೂ ಹಾಡುಗಳನ್ನು ಕಲಸಿ, ರಾಜನ ಸ್ವಾಗತಕ್ಕೆ ಟಾಗೋರರ ಹಾಡು ಅಂತ ಅಚ್ಚು ಹಾಕಿದವು. ಅಷ್ಟೇ ನೋಡಿ, ಇವತ್ತಿಗೂ ತೊಳೆಯೋಕೆ ಆಗಿಲ್ಲ. ಭಾರತೀಯರ ‘ಅಮೃತ ಬಜಾರ್ ಪತ್ರಿಕಾ’ ಮೊದಲ ಹಾಡನ್ನು ದೇವರ ಪ್ರಾರ್ಥನೆ ಎಂದೇ ಬರೆದಿತ್ತು, ಆದರೆ ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಪತ್ರಿಕೆ ಬಿಡಿ, ಹಾಡನ್ನೇ ಓದಿ. ಅದರಲ್ಲಿ ಐದು ಪದ್ಯ ಇವೆ, ನಾವು ಹಾಡುವುದು ಮೊದಲನೆಯದು ಮಾತ್ರ. ನಾಲ್ಕನೆಯದರಲ್ಲಿ ಹೀಗಿದೆ: ‘ದುಃಸ್ವಪ್ನೇ ಆತಂಕೇ ರಕ್ಷಾ ಕರಿಲೇ ಅಂಕೇ, ಸ್ನೇಹಮಯೀ ತುಮಿ ಮಾತಾ’. ಒಮ್ಮೆ ಇದನ್ನು ಏಳನೇ ಕ್ಲಾಸಿನ ಬೋರ್ಡಿನ ಮೇಲೆ ಬರೆದಿದ್ದೆ. ಬಂಗಾಳಿಯ ಗಂಧವೇ ಇಲ್ಲದ ಮಕ್ಕಳು ಮುಕ್ಕಾಲು ಅರ್ಥ ತಾವೇ ಬಿಡಿಸಿದರು, ನಾನು ಹೇಳಿಕೊಟ್ಟದ್ದು ‘ಅಂಕ’ ಅಂದರೆ ಮಡಿಲು ಅನ್ನುವುದೊಂದೇ. ಕೆಟ್ಟ ಕನಸಿನಲ್ಲಿ, ಭಯದಲ್ಲಿ ಮಡಿಲಲ್ಲಿಟ್ಟು ಕಾಪಾಡಿದೆ, ಮಮತೆಯ ತಾಯಿ ನೀನು. ಗಡ್ಡದ ಜಾರ್ಜ್‌ನನ್ನು ಯಾರಾದರೂ ಹೀಗೆ ಕರೆಯುತ್ತಾರಾ? ಮೂರನೇ ಪದ್ಯದಲ್ಲಿ ಹಾಡಿನ ಭಾಗ್ಯವಿಧಾತನೇ ‘ಚಿರಸಾರಥಿ’, ಯುಗಯುಗದಿಂದ ರಥ ನಡೆಸುತ್ತಿರುವವನು. ಜಾರ್ಜ್ ಪಟ್ಟಕ್ಕೆ ಬಂದು ಆಗ ಎರಡು ವರ್ಷವೂ ಆಗಿರಲಿಲ್ಲ.

ಕೊನೆಯ ಪದ್ಯದಲ್ಲಿ ‘ರಾಜೇಶ್ವರ’ ಅಂತ ಇದೆಯಲ್ಲ ಎಂದು ಕೆಲವರು ವಾದಕ್ಕೆ ಬರುತ್ತಾರೆ. ಇದೆ. ರಾಜರಿಗೂ ಒಡೆಯ ಅಂತ ಅರ್ಥ. ನಮ್ಮಲ್ಲಿ ರಾಜರಾಜೇಶ್ವರಿ ಅಂದರೆ ಯಾರೂ ರಾಣಿ ಅಂದುಕೊಳ್ಳುವುದಿಲ್ಲ, ದೇವಿಗೆ ಕೈಮುಗಿಯುತ್ತಾರೆ. 1912ರ ಜನವರಿಯಲ್ಲಿ ‘ತತ್ತ್ವಬೋಧಿನಿ ಪತ್ರಿಕಾ’ದಲ್ಲಿ ಈ ಹಾಡು ಅಚ್ಚಾದದ್ದೂ ಬ್ರಹ್ಮಸಂಗೀತ ಅಂತಲೇ, ಅಂದರೆ ಬ್ರಹ್ಮಸಮಾಜದ ಪ್ರಾರ್ಥನೆ.

ಇನ್ನು ಸ್ವತಃ ಟಾಗೋರರ ಮಾತು. ಸರ್ಕಾರಿ ವಲಯದ ಗೆಳೆಯರೊಬ್ಬರು ರಾಜನ ಮೇಲೆ ಹಾಡು ಬರೆದುಕೊಡಿ ಎಂದು ಕೇಳಿದ್ದರು, ಅದರಿಂದ ನನ್ನ ಮನಸ್ಸು ಕದಡಿತು, ಅದಕ್ಕೇ ಭಾರತದ ಭಾಗ್ಯವಿಧಾತನನ್ನು ಹಾಡಿದೆ, ಆ ಸಾರಥಿ ಯಾವ ಜಾರ್ಜೂ ಆಗಲು ಸಾಧ್ಯವಿಲ್ಲ ಎಂದು 1937ರ ಪತ್ರವೊಂದರಲ್ಲಿ ಅವರೇ ಬರೆದಿದ್ದಾರೆ. ಬರೆದವರೇ ಹೀಗೆ ಹೇಳಿದ ಮೇಲೂ ಮತ್ತೆ ಕೇಳಬೇಕಾ?

ನೀವು ಕೇಳಬೇಕಿದ್ದದ್ದು ರಾಗದ ಬಗ್ಗೆ. ಕೋಲಾರದ ಕಡೆಯವರಿಗೆ ಆಂಧ್ರದ ಮದನಪಲ್ಲಿ ಅಂದರೆ ಟೊಮೆಟೊ ಮಾರ್ಕೆಟ್, ಅಲ್ವಾ? 1919ರ ಫೆಬ್ರವರಿಯಲ್ಲಿ ಟಾಗೋರರು ಅಲ್ಲಿನ ಥಿಯಸಾಫಿಕಲ್ ಕಾಲೇಜಿನಲ್ಲಿ ಉಳಿದಿದ್ದರು. ಒಂದು ಸಂಜೆ ಈ ಹಾಡನ್ನು ತಾವೇ ಹಾಡಿದರು. ಪ್ರಿನ್ಸಿಪಾಲರ ಹೆಂಡತಿ ಮಾರ್ಗರೆಟ್ ಕಸಿನ್ಸ್ ಸಂಗೀತ ಬಲ್ಲವರು, ಅವರು ಸ್ವರ ಬರೆದುಕೊಂಡರು. ಹಾಡನ್ನು ಟಾಗೋರರು ಇಂಗ್ಲಿಷಿಗೆ ತಂದದ್ದೂ ಅಲ್ಲೇ. 1950ರ ಜನವರಿ 24ರಂದು ಅದು ರಾಷ್ಟ್ರಗೀತೆ ಆಯಿತು, ಆದರೆ ಇವತ್ತು ನಮ್ಮ ಶಾಲೆಗಳಲ್ಲಿ 52 ಸೆಕೆಂಡಿನಲ್ಲಿ ಮುಗಿಯುವ ಧಾಟಿ ಕಾಗದಕ್ಕೆ ಇಳಿದದ್ದು ಶ್ರೀನಿವಾಸಪುರದಿಂದ ಬಸ್ ಹತ್ತಿದರೆ ಸಿಗುವ ಆ ಊರಿನಲ್ಲಿ.