ಮರೆವು ಶುರುವಾದ ಅವ್ವಗ ಮೊಣಕಾಲು ಆಪರೇಷನ್ ಮಾಡಿಸಬಹುದೇನ್ರಿ?

ಪ್ರಶ್ನೆ: ನಮ್ಮ ಅವ್ವಗ 76 ವರ್ಷ. ಎರಡೂ ಮೊಣಕಾಲು ಸವೆದಾವ. ಬೆಳಗಾವಿಯೊಳಗ ಕೀಲು ಬದಲಿ ಮಾಡೋಣು ಅಂದಾರ. ಆದ್ರ ಒಂದು ವರ್ಷದಿಂದ ಅಕಿಗೆ ಮರೆವು ಜಾಸ್ತಿ ಆಗೇದ, ಸೊರಗ್ಯಾಳ. 'ಈ ವಯಸ್ಸಿನಾಗ ಮತ್ತಿನ ಇಂಜೆಕ್ಷನ್ ಕೊಟ್ರ ತಲಿ ಕೆಡ್ತದ' ಅಂತ ಊರಾಗಿನವರು ಹೆದರಿಸ್ತಾರ. ಏನು ಮಾಡೋಣ್ರಿ? (ಜಮಖಂಡಿ ಕಡೆಯ ಓದುಗರು)

ಉತ್ತರ: ಮಾಡಿಸಬಹುದು, ಆದರೆ ಈಗಲೇ ತಾರೀಖು ಹಿಡಿಯಬೇಡಿ. ಆಪರೇಷನ್ನಿಗೆ ಮೊದಲು 'ಫಿಟ್‌ನೆಸ್' ಬರೆಸಿಕೊಳ್ಳುವಾಗ ಸಾಮಾನ್ಯವಾಗಿ ಇಸಿಜಿ, ಎಕೋ, ಸಕ್ಕರೆ, ರಕ್ತ, ಎದೆಯ ಎಕ್ಸ್‌ರೇ ನೋಡುತ್ತಾರೆ. ಹೃದಯ, ಶ್ವಾಸಕೋಶದ ಲೆಕ್ಕ ಅಲ್ಲಿಗೆ ಸಿಗುತ್ತದೆ. ಮೈಯೊಳಗೆ ಕಸುವು ಎಷ್ಟಿದೆ, ನೆನಪು ಎಷ್ಟು ಗಟ್ಟಿ ಇದೆ ಎಂಬುದನ್ನು ಯಾರಾದರೂ ಕೇಳದ ಹೊರತು ಯಾರೂ ನೋಡುವುದಿಲ್ಲ. ಆಪರೇಷನ್ ಆದ ಮೇಲೆ ಹಿರಿಯರು ಹೇಗೆ ಚೇತರಿಸಿಕೊಳ್ಳುತ್ತಾರೆ ಎಂಬುದನ್ನು 76 ಎಂಬ ಅಂಕಿಗಿಂತ ಇವೆರಡೇ ಹೆಚ್ಚು ಹೇಳುತ್ತವೆ. ಇವುಗಳ ಮಾಹಿತಿ ಇರುವುದು ಡಾಕ್ಟರ ಹತ್ತಿರ ಅಲ್ಲ, ಮನೆಯವರ ಹತ್ತಿರ.

ಮೊದಲು ಕಸುವಿನ ಮಾತು. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ, 2005ರಲ್ಲಿ ಪ್ರಕಟವಾದ ಒಂದು ಅಳತೆಪಟ್ಟಿ ಈಗ ಬಹಳ ಕಡೆ ಬಳಕೆಯಲ್ಲಿದೆ. ಈಗಿನ ರೂಪದಲ್ಲಿ 1ರಿಂದ 9ರವರೆಗೆ ಅಂಕ ಕೊಡುತ್ತಾರೆ, ಅಂಕ ಏರಿದಷ್ಟೂ ಕಸುವು ಕಡಿಮೆ. ಕಾಯಿಲೆ ಬಿದ್ದ ದಿನದ ಸ್ಥಿತಿಯನ್ನಲ್ಲ, ಅದಕ್ಕೂ ಎರಡು ವಾರ ಹಿಂದೆ ಹೇಗಿದ್ದರು ಎಂಬುದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ರೊಕ್ಕ ಎಣಿಸಲು, ಗುಳಿಗೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಲು, ಬಸ್ಸು ಹತ್ತಿ ಊರಿಗೆ ಹೋಗಿ ಬರಲು ಇನ್ನೊಬ್ಬರು ಬೇಕಾದರೆ 5. ಸ್ನಾನಕ್ಕೂ ಒಬ್ಬರು ನಿಲ್ಲಬೇಕಾದರೆ 6. ಎಲ್ಲದಕ್ಕೂ ಇನ್ನೊಬ್ಬರೇ ಆದರೆ 7. ಐದು ಮುಟ್ಟಿದ ಮೇಲೆ ಆಪರೇಷನ್ನಿನ ಅಪಾಯದ ಲೆಕ್ಕವೇ ಬೇರೆಯಾಗುತ್ತದೆ.

ನಡಿಗೆಯ ಪರೀಕ್ಷೆಯೂ ಒಂದಿದೆ: ನಾಲ್ಕು ಮೀಟರ್ ಗೆರೆ ಹಾಕಿ ಎಂದಿನಂತೆ ನಡೆಸುವುದು, ಐದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎಚ್ಚರ. ಆದರೆ ನಿಮ್ಮ ಅವ್ವನ ವಿಷಯದಲ್ಲಿ ಇದನ್ನು ನಂಬಬೇಡಿ. ಮೊಣಕಾಲು ಸವೆದವರು ನೋವಿಗೇ ನಿಧಾನ ನಡೆಯುತ್ತಾರೆ. ಬದಲಿಗೆ ತೂಕ ನೋಡಿ: ಪ್ರಯತ್ನವಿಲ್ಲದೆ ವರ್ಷದಲ್ಲಿ ನಾಲ್ಕೂವರೆ ಕಿಲೊ ಇಳಿದಿದ್ದರೆ ಅದು ದೊಡ್ಡ ಸುಳಿವು. ಕುಪ್ಪಸ ಸಡಿಲಾಗಿದೆಯೇ? ರೊಟ್ಟಿ ಬಡಿಯುತ್ತಿದ್ದ ಕೈ ಈಗ ಎರಡು ರೊಟ್ಟಿಗೇ ಸೋಲುತ್ತದೆಯೇ? ನೀವು ಬರೆದ 'ಸೊರಗ್ಯಾಳ' ಎಂಬ ಮಾತನ್ನೇ ಡಾಕ್ಟರ ಮುಂದೆಯೂ ಹೇಳಿ.

ಇನ್ನು ಮರೆವು. ದೊಡ್ಡ ಆಸ್ಪತ್ರೆಗಳಲ್ಲಿ ಮೂರು ಶಬ್ದ ಹೇಳಿ, ಗಡಿಯಾರ ಬರೆಸಿ, ಮತ್ತೆ ಆ ಮೂರು ಶಬ್ದ ಕೇಳುವ ಸಣ್ಣ ಪರೀಕ್ಷೆ ಮಾಡುತ್ತಾರೆ. ಐದಕ್ಕೆ ಮೂರಕ್ಕಿಂತ ಕಡಿಮೆ ಬಂದರೆ ಮುಂದೆ ನೋಡಬೇಕು. ಶಾಲೆ ಮೆಟ್ಟಿಲು ಹತ್ತದ ಅವ್ವಂದಿರಿಗೆ ಗಡಿಯಾರ ಬರೆಯಿರಿ ಎಂದರೆ ಅದು ನೆನಪಿನ ಪರೀಕ್ಷೆ ಆಗುವುದಿಲ್ಲ, ಓದು ಬರಹದ ಪರೀಕ್ಷೆ ಆಗುತ್ತದೆ. ಇಂಗ್ಲಿಷ್ ತಾರೀಖು ಕೇಳಿದರೂ ಅಷ್ಟೇ. ಅಮಾಸಿ ಯಾವಾಗ ಆಯಿತು, ಸಂತೆ ಯಾವ ವಾರ, ಮುಂದೆ ಬರುವ ಹಬ್ಬ ಯಾವುದು ಎಂದು ಕೇಳಿದರೆ ನಿಜ ತಿಳಿಯುತ್ತದೆ. ಅದಕ್ಕಿಂತ ಗಟ್ಟಿ ಸಾಕ್ಷಿ ಹತ್ತು ವರ್ಷದ ಹಿಂದಿನ ಅವ್ವನ ಜೊತೆಗಿನ ಹೋಲಿಕೆ. ಕೇಳಿದ್ದನ್ನೇ ಕೇಳುತ್ತಾರೆಯೇ, ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆಯೇ, ಗೊತ್ತಿದ್ದ ಓಣಿಯಲ್ಲಿ ದಾರಿ ತಪ್ಪಿದ್ದಾರೆಯೇ, ಕೊಟ್ಟ ರೊಕ್ಕದ ಲೆಕ್ಕ ತಪ್ಪುತ್ತದೆಯೇ? ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅನಸ್ತೇಷಿಯಾ (ಮತ್ತಿನ ಔಷಧ ಕೊಡುವ) ಡಾಕ್ಟರ ಕೈಗೆ ಕೊಡಿ. ಅವ್ವನ ಎದುರು ಬಾಯಿಬಿಟ್ಟು ಹೇಳಿದರೆ ಅವರಿಗೂ ಅವಮಾನ, ನೀವೂ ಅರ್ಧ ನುಂಗುತ್ತೀರಿ.

ಎಲ್ಲ ಮರೆವೂ ಡಿಮೆನ್ಷಿಯಾ (ಮೆದುಳಿನ ಮರೆವಿನ ಕಾಯಿಲೆ) ಅಲ್ಲ. ಥೈರಾಯ್ಡ್, ಬಿ12, ಸೋಡಿಯಂ, ಹಿಮೋಗ್ಲೋಬಿನ್ ನೋಡಿಸಿ. ಮಾಂಸ ಮುಟ್ಟದ ಮನೆಗಳಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವವರಲ್ಲಿ ಬಿ12 ತಳ ಹಿಡಿದಿರುವುದುಂಟು. ಬಿಪಿ ಗುಳಿಗೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಇದ್ದರೆ ಸೋಡಿಯಂ ಇಳಿದು ತಲೆ ಮಂಕಾಗಬಹುದು. ಕಿವಿ ಕೇಳದವರನ್ನೂ, ಮನಸ್ಸು ಕುಗ್ಗಿದವರನ್ನೂ ಮರೆವಿನವರೆಂದು ಎಣಿಸುವುದುಂಟು.

ಊರವರು ಹೆದರಿಸುವುದರಲ್ಲಿ ಸ್ವಲ್ಪ ಸತ್ಯವಿದೆ, ಬೆರಳು ತೋರಿಸುವ ದಿಕ್ಕು ಮಾತ್ರ ತಪ್ಪು. ಆಪರೇಷನ್ ಆದ ಮೊದಲ ಮೂರು ದಿನದೊಳಗೆ ಹಿರಿಯರಿಗೆ ಇದ್ದಕ್ಕಿದ್ದಂತೆ ಗೊಂದಲ ಹಿಡಿಯುವುದಕ್ಕೆ ಡೆಲಿರಿಯಂ ಎನ್ನುತ್ತಾರೆ. ಮೊದಲೇ ಮರೆವಿದ್ದವರಿಗೆ, ಸೊರಗಿದವರಿಗೆ ಇದರ ಅಪಾಯ ಹೆಚ್ಚು. ಇದಕ್ಕೆ ಮತ್ತಿನ ಔಷಧ ಒಂದನ್ನೇ ದೂರುವಂತಿಲ್ಲ. ಚಪ್ಪೆ ಎಲುಬು ಮುರಿದವರ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟವರಿಗೂ ಪೂರ್ತಿ ಪ್ರಜ್ಞೆ ತಪ್ಪಿಸಿದವರಿಗೂ ಡೆಲಿರಿಯಂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಂತು. ಹಾಗಾಗಿ 'ಬೆನ್ನಿಗೇ ಕೊಡಿ' ಎಂದು ಹಟ ಹಿಡಿಯಬೇಡಿ. ಕೇಳಬೇಕಾದದ್ದು ಬೇರೆ: ಮಿಡಾಜೋಲಂನಂಥ ನಿದ್ದೆಯ ಇಂಜೆಕ್ಷನ್ ತಪ್ಪಿಸಬಹುದೇ, ನೋವಿಗೆ ಪ್ಯಾರಾಸಿಟಮಾಲ್ ಹೊತ್ತಿಗೆ ಸರಿಯಾಗಿ ಕೊಟ್ಟು ಕಾಲಿನ ನರಕ್ಕೆ ಬ್ಲಾಕ್ (ನರ ಮರಗಟ್ಟಿಸುವ ಇಂಜೆಕ್ಷನ್) ಹಾಕಬಹುದೇ? ಟ್ರಮಡಾಲ್ ಎಂಬ ನೋವಿನ ಔಷಧದಿಂದ ಕೆಲವರಿಗೆ ತಲೆ ಕೆಡುತ್ತದೆ. ಹಾಗೆಂದು ನೋವು ಬಿಟ್ಟರೆ ಅದೂ ಡೆಲಿರಿಯಂ ತರುತ್ತದೆ.

ಮನೆಯ ಗುಳಿಗೆ ಚೀಲವನ್ನು ಪೂರ್ತಿ ಹೊತ್ತುಕೊಂಡು ಹೋಗಿ. ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದದ್ದೂ ಅದರಲ್ಲಿರಲಿ. ಏವಿಲ್, ಫೆನರ್ಗಾನ್, ನೆಗಡಿ ಗುಳಿಗೆಯೊಳಗಿನ ಕ್ಲೋರ್‌ಫೆನಿರಮಿನ್, ಅಮಿಟ್ರಿಪ್ಟಿಲಿನ್, ಮೂತ್ರ ಹಿಡಿಯಲೆಂದು ಕೊಡುವ ಆಕ್ಸಿಬ್ಯುಟಿನಿನ್ ಹಿರಿಯರ ತಲೆಯನ್ನು ಮಸುಕು ಮಾಡುವಂಥವು. ರಾತ್ರಿ ನಿದ್ದೆಗೆಂದು ಆಲ್‌ಪ್ರಜೋಲಾಮ್ ಅಥವಾ ಕ್ಲೋನಜೆಪಾಮ್ ವರ್ಷಗಟ್ಟಲೆ ತೆಗೆದುಕೊಂಡವರು ಆಸ್ಪತ್ರೆ ಸೇರಿದ ದಿನ ಒಮ್ಮೆಲೇ ಬಿಟ್ಟರೆ ಅದೇ ಒಂದು ಅನಾಹುತ. ಮಿಶ್ರಿ ತಿಕ್ಕುವ, ಎಲೆ ತಂಬಾಕು ಹಾಕುವ ಚಟವನ್ನೂ ಮುಚ್ಚಿಡಬೇಡಿ. ಗಂಡಸರಾದರೆ ಕುಡಿತವನ್ನೂ ಹೇಳಬೇಕು. ಬಿಟ್ಟ ಎರಡನೇ ಮೂರನೇ ದಿನ ಕೈ ನಡುಗಿ ಕಿರುಚಾಡಿದಾಗ ಡಾಕ್ಟರಿಗೆ ಕಾರಣ ಗೊತ್ತಿರಬೇಕು.

ಮೊಣಕಾಲು ತುರ್ತಿನದ್ದಲ್ಲವಾದ್ದರಿಂದ ನಾಲ್ಕು ವಾರ ಕೈಯಲ್ಲಿ ಇಟ್ಟುಕೊಳ್ಳಿ. ಕಿಲೊ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು. ಅಂದರೆ 50 ಕಿಲೊ ತೂಗುವವರಿಗೆ 60ರಿಂದ 75 ಗ್ರಾಂ. ನಾಲ್ಕು ಜೋಳದ ರೊಟ್ಟಿ, ಎರಡು ಹೊತ್ತು ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ, ಅರ್ಧ ಲೀಟರ್ ಹಾಲು ಮೊಸರು, ಒಂದು ಹಿಡಿ ಶೇಂಗಾ ಸೇರಿದರೆ 60ರ ಹತ್ತಿರ ಬರುತ್ತದೆ. ಹಲ್ಲಿಲ್ಲದವರಿಗೆ ಕಾಳು ನುಣ್ಣಗೆ ಬೇಯಿಸಿ, ಶೇಂಗಾ ಹಿಂಡಿ ಮಾಡಿ ಕೊಡಿ. ಕಿಡ್ನಿ ಕಾಯಿಲೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ನೋವು ತಡೆಯುವಷ್ಟರಲ್ಲಿ ಎತ್ತರದ ಕುರ್ಚಿಯಿಂದ ಏಳುವುದು, ಕೂಡುವುದು, ದಿನಕ್ಕೆ ಎರಡು ಮೂರು ಸಲ. ಪಕ್ಕಕ್ಕೆ ಒಬ್ಬರು ನಿಂತಿರಲಿ.

ಆಪರೇಷನ್ ದಿನದ ಉಪವಾಸದಲ್ಲಿ ಬಹಳ ಮನೆಗಳು ಎಡವುತ್ತವೆ. ಊಟ, ಹಾಲು, ಹಾಲು ಹಾಕಿದ ಚಹಾ ಆರು ತಾಸು ಮೊದಲು ನಿಲ್ಲಬೇಕು. ಬರಿ ನೀರು ಎರಡು ತಾಸು ಮೊದಲಿನವರೆಗೂ ನಡೆಯುತ್ತದೆ. ರಾತ್ರಿ ಹತ್ತಕ್ಕೆ ನೀರು ನಿಲ್ಲಿಸಿ ಮರುದಿನ ಮಧ್ಯಾಹ್ನದ ಆಪರೇಷನ್‌ಗೆ ಕಾಯುವಷ್ಟರಲ್ಲಿ, ಅದೂ ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ, ಮೈ ಒಣಗಿ ಗೊಂದಲಕ್ಕೆ ದಾರಿಯಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಹೊಟ್ಟೆ ನಿಧಾನ ಖಾಲಿಯಾಗುವವರಿಗೆ ನಿಯಮ ಬೇರೆ. ಹಾಗಾಗಿ 'ಎಷ್ಟು ಗಂಟೆವರೆಗೆ ನೀರು ಕೊಡಬಹುದು' ಎಂದು ಹಿಂದಿನ ದಿನವೇ ಅನಸ್ತೇಷಿಯಾ ಡಾಕ್ಟರನ್ನು ಕೇಳಿ ಬರೆದುಕೊಳ್ಳಿ.

ವಾರ್ಡಿಗೆ ಚಷ್ಮಾ, ಕಿವಿ ಯಂತ್ರ (ಸೆಲ್ ಎರಡು ಹೆಚ್ಚು), ಹಲ್ಲಿನ ಸೆಟ್, ಅವ್ವನ ಸ್ವಂತ ಕೌದಿ ಒಯ್ಯಿರಿ. ಆಪರೇಷನ್ ಮುಗಿದು ಎಚ್ಚರವಾಗುತ್ತಲೇ ಚಷ್ಮಾ, ಯಂತ್ರ ಹಾಕಿ. ಡ್ರಾಯರಿನಲ್ಲಿಟ್ಟರೆ ಪ್ರಯೋಜನವಿಲ್ಲ. ಹಗಲು ಕಿಟಕಿ ತೆರೆದಿರಲಿ, ರಾತ್ರಿ ದೀಪ ಆರಲಿ, ಮೊಬೈಲು ಮೂಕವಾಗಲಿ. ಆಸ್ಪತ್ರೆಗೆ ಬರುವುದು ಬಂಧುತ್ವದ ಗುರುತು ಎಂದು ನಾವೆಲ್ಲ ಬಲ್ಲೆವು, ಆದರೆ ಇಡೀ ಟೆಂಪೋ ಬಂದಿಳಿದು ಹಾಸಿಗೆ ಸುತ್ತ ನಿಂತರೆ ಮಂಕಾದ ತಲೆ ಇನ್ನೂ ಮಂಕಾಗುತ್ತದೆ. ಸರದಿ ಮೇಲೆ ಇಬ್ಬರೇ ಇರಲಿ, ಮನೆಯ ಮಾತಿನಲ್ಲೇ ಮಾತಾಡಿಸಲಿ. ಬೆಳಗಾವಿಯ ವಾರ್ಡುಗಳಲ್ಲಿ ನರ್ಸುಗಳು ಮರಾಠಿ, ಮಲಯಾಳಂ ಮಾತಾಡುವುದುಂಟು, ಅವರ ಮಾತನ್ನು ಅವ್ವನಿಗೆ ತಿಳಿಸಲು ನೀವೇ ಬೇಕು. ಮೂತ್ರದ ನಳಿಕೆ ಯಾವಾಗ ತೆಗೆಯುತ್ತೀರಿ ಎಂದು ದಿನಾ ಕೇಳಿ. ಬೇಗ ತೆಗೆದಷ್ಟೂ ಒಳ್ಳೆಯದು.

ಡೆಲಿರಿಯಂ ಬಂತೆಂದು ಗುರುತಿಸುವುದು ಹೇಗೆ? ಸೂಜಿ ಕಿತ್ತು ಹಾಕಿ, ಇಲ್ಲದವರನ್ನು ಕರೆದು ಎದ್ದು ಹೊರಟರೆ ಎಲ್ಲರಿಗೂ ತಿಳಿಯುತ್ತದೆ. ತಪ್ಪಿಹೋಗುವುದು ಇನ್ನೊಂದು ಬಗೆ: ಸುಮ್ಮನೆ ಮಲಗಿ, ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುವುದು, ಊಟ ಬೇಡ ಎನ್ನುವುದು. 'ಅವ್ವ ಆರಾಮಾಗಿ ಮಲಗ್ಯಾಳ' ಎಂದು ಮನೆಯವರೇ ಸಮಾಧಾನ ಪಡುತ್ತಾರೆ. ದಿನಕ್ಕೆ ಎರಡು ಸಲ ವಾರಗಳನ್ನು ಹಿಂದಿನಿಂದ ಹೇಳಿಸಿ, ರವಿವಾರ, ಶನಿವಾರ, ಶುಕ್ರವಾರ ಹೀಗೆ. ಮನೆಯಲ್ಲಿ ಹೇಳುತ್ತಿದ್ದವರು ಈಗ ನಡುವೆ ಕಳೆದುಹೋದರೆ ನರ್ಸಿಗೆ 'ನಿನ್ನೆ ಹಿಂಗಿರಲಿಲ್ಲ' ಎಂದು ಸ್ಪಷ್ಟವಾಗಿ ಹೇಳಿ. ಮೂತ್ರ ಕಟ್ಟಿರಬಹುದು, ಮಲ ಕಟ್ಟಿರಬಹುದು, ಸೋಂಕು, ಆಮ್ಲಜನಕದ ಕೊರತೆ, ಸಕ್ಕರೆಯ ಏರಿಳಿತ, ಸೋಡಿಯಂ ಇಳಿತ, ಹೊಸ ಗುಳಿಗೆ, ಇವುಗಳಲ್ಲಿ ಒಂದೋ ಎರಡೋ ಸಾಮಾನ್ಯವಾಗಿ ಸಿಗುತ್ತವೆ. ಗಾಳಿ ಸೋಕಿದೆ ಎಂದು ದೃಷ್ಟಿ ತೆಗೆಯುವವರು ತೆಗೆಯಲಿ, ಆದರೆ ಡಾಕ್ಟರನ್ನು ಕರೆದ ಮೇಲೆ. ಕೈಕಾಲು ಕಟ್ಟಿಸಲು ಒಪ್ಪಬೇಡಿ, ಕಟ್ಟಿದಷ್ಟೂ ಕೆರಳುತ್ತಾರೆ.

ಹೆಚ್ಚಿನವರಲ್ಲಿ ಇದು ಕೆಲವು ದಿನ ಅಥವಾ ವಾರಗಳಲ್ಲಿ ತಿಳಿಯಾಗುತ್ತದೆ. ಕೆಲವರಲ್ಲಿ ನೆನಪು ಮೊದಲಿದ್ದಷ್ಟಕ್ಕೆ ಮರಳುವುದಿಲ್ಲ, ಇದನ್ನು ತಿಳಿದೇ ಸಹಿ ಹಾಕಬೇಕು.

ಮೊಣಕಾಲಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಹೊಸ ಕೀಲು ಮಡಚುವುದು ಆಪರೇಷನ್ನಿನಿಂದಷ್ಟೇ ಅಲ್ಲ, ಆಮೇಲೆ ವಾರಗಟ್ಟಲೆ ಮಾಡುವ ವ್ಯಾಯಾಮದಿಂದ. ಅವ್ವಗೆ ಹೇಳಿದ್ದು ಸಂಜೆಗೆ ನೆನಪಿರದಿದ್ದರೆ ಮನೆಯಲ್ಲಿ ಒಬ್ಬರು ದಿನಾ ಕೂತು ಮಾಡಿಸಬೇಕು. ಅಂಥವರಿಲ್ಲದಿದ್ದರೆ, ಮರೆವು ಸ್ನಾನ ಬಟ್ಟೆಗೂ ಜ್ಞಾಪಿಸುವ ಮಟ್ಟಕ್ಕೆ ಬಂದಿದ್ದರೆ, ಕೀಲು ಬದಲಿಸದೆ ನೋವಿನ ಚಿಕಿತ್ಸೆ, ಕೋಲು, ಎತ್ತರದ ಕಮೋಡಿನಲ್ಲಿ ಮುಂದುವರಿಯುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಮಾಡಿಸುವುದಾದರೆ ಎರಡೂ ಕಾಲು ಒಂದೇ ಸಲ ಬೇಡ. ಇದೇ ಅವ್ವ ಬಿದ್ದು ಚಪ್ಪೆ ಎಲುಬು ಮುರಿದುಕೊಂಡಿದ್ದರೆ ನಮ್ಮ ಉತ್ತರ ತಿರುವುಮುರುವು ಆಗುತ್ತಿತ್ತು: ಅಲ್ಲಿ ಕಾಯುವುದೇ ಅಪಾಯ, 48 ತಾಸಿನೊಳಗೆ ಆಪರೇಷನ್ ಆಗುವುದು ಒಳ್ಳೆಯದು.

ಆಪರೇಷನ್ ಆಗಿ ಮೂರು ತಿಂಗಳಿಗೆ ನೆನಪನ್ನು ಮತ್ತೆ ಪರೀಕ್ಷೆ ಮಾಡಿಸಿ. ಮೊದಲ ಕೆಲವು ವಾರಗಳಲ್ಲಿ ನೋವು, ಗುಳಿಗೆ, ನಿದ್ದೆಗೇಡು ಸೇರಿ ಫಲಿತಾಂಶ ತಪ್ಪು ಬರುತ್ತದೆ. ನರರೋಗ ತಜ್ಞರು ಹತ್ತಿರ ಸಿಗದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಬಹುದು. ಹೋಗುವಾಗ ಡಿಸ್ಚಾರ್ಜ್ ಕಾರ್ಡಿನ ಜೊತೆ ಆಪರೇಷನ್ನಿಗೆ ಮೊದಲು ಬರೆದ ಆ ಚೀಟಿಯ ಜೆರಾಕ್ಸ್ ಕೂಡ ಇರಲಿ, ಹೋಲಿಸಲು ಅವರಿಗೆ ಅದು ಬೇಕಾಗುತ್ತದೆ.