ಮಳೆಗಾಲದಲ್ಲಿ ನೆಟ್ಟ ಸಸಿಗೆ ಬೇಸಿಗೆಯಲ್ಲಿ ಯಾರು ದಿಕ್ಕು?

ಊರೊಳಗೆ ಮರ ಬೆಳೆಸಲು ಬಡಾವಣೆಯವರಿಗೇ ತರಬೇತಿ ಕೊಡಬೇಕು ಎಂಬ ಮಾತು ಶಿರಸಿ, ಕಾರವಾರದಲ್ಲಿ ಎದ್ದರೆ ಹಲವರು ನಗುತ್ತಾರೆ. ಕಾಡಿನ ಜಿಲ್ಲೆಯವರಿಗೆ ಗಿಡ ನೆಡುವುದನ್ನು ಹೇಳಿಕೊಡಬೇಕಾ? ನಗುವುದಕ್ಕೆ ಮುಂಚೆ ಸ್ವಲ್ಪ ಹಿಂದೆ ಹೋಗಿ ಬರೋಣ.

1950ರಲ್ಲಿ ವನಮಹೋತ್ಸವ ಬಂತು. 1976ರ ಮರ ಸಂರಕ್ಷಣಾ ಕಾಯ್ದೆಯಿಂದ ಪಟ್ಟಣದ ಮರ ಕಡಿಯಲೂ ಅನುಮತಿ ಬೇಕಾಯಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಡಿಯಲು ಬಿಡದೆ ಮರ ತಬ್ಬಿ ನಿಂತರು. ಹಾಗೆ ಶುರುವಾದ ಅಪ್ಪಿಕೋ ಚಳವಳಿಯ ಮಾತು ಮೂರು: ಉಳಿಸು, ಬೆಳೆಸು, ಬಳಸು. ನಮಗೆ ನೆನಪಿರುವುದು ಮೊದಲನೆಯದು ಮಾತ್ರ, ಅಲ್ವಾ?

'ಬೆಳೆಸು' ಎಂಬುದಕ್ಕೆ ಸರ್ಕಾರಿ ರೂಪ ಬಂದದ್ದು ತೊಂಬತ್ತರ ದಶಕದಲ್ಲಿ. ಅರಣ್ಯ ಇಲಾಖೆ, ಹಳ್ಳಿಯವರು ಸೇರಿ ಕಾಡು ಬೆಳೆಸಬೇಕೆಂಬ 1993ರ ಆದೇಶದ ನಂತರ ಹಳ್ಳಿಹಳ್ಳಿಯಲ್ಲಿ ಗ್ರಾಮ ಅರಣ್ಯ ಸಮಿತಿಗಳಾದವು. ಅಡಿಕೆ ತೋಟಕ್ಕೆಂದು ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಕಾಯ್ದುಕೊಂಡು ಬಂದವರಿಗೆ ಯಾವ ಮರದ ಸೊಪ್ಪು ಎಷ್ಟು ಕಡಿಯಬಹುದು ಎಂಬುದು ಮೊದಲೇ ಗೊತ್ತಿತ್ತು. ಸಭೆಗಳಲ್ಲಿ ಆ ಅನುಭವವನ್ನು ಕೇಳಿದವರು ಕಡಿಮೆ. ಗುಂಡಿ ಎಷ್ಟು, ಸಸಿ ಎಷ್ಟು, ಕೂಲಿ ಎಷ್ಟು ಎಂಬ ಲೆಕ್ಕವೇ ಜಾಸ್ತಿ. ನೆಟ್ಟದ್ದರಲ್ಲಿ ಅಕೇಶಿಯಾ ಬಹಳ. ಅದಕ್ಕೂ ಕಾರಣವಿತ್ತು. ಚಿರೇಕಲ್ಲಿನ ಬೋಳು ಗುಡ್ಡದಲ್ಲೂ ಅದು ಬೇಗ ಏಳುತ್ತದೆ, ದನ ಬಾಯಿ ಹಾಕುವುದಿಲ್ಲ. ಆದರೆ ಕಾಯುವ ಕೆಲಸವೇ ಇಲ್ಲದ ಮರ ನೆಟ್ಟು ಕಾಯುವುದನ್ನು ಕಲಿಯುವುದು ಹೇಗೆ? ನನ್ನ ಪ್ರಕಾರ ದಾರಿ ತಪ್ಪಿದ್ದು ಅಲ್ಲೇ.

ಪಟ್ಟಣಕ್ಕಂತೂ ಆ ಸಮಿತಿಯೂ ಇರಲಿಲ್ಲ. ಹೆಸರಿನಲ್ಲೇ 'ಗ್ರಾಮ' ಇದೆಯಲ್ಲ! ಪಟ್ಟಣದವರಿಗೆ ಸಿಕ್ಕಿದ್ದು ಜೂನ್ ತಿಂಗಳ ಸಸಿ ಹಂಚಿಕೆ, ಒಂದು ಫೋಟೋ. ಸಸಿ ಒಂದು ಇಲಾಖೆಯದು, ರಸ್ತೆ ಬದಿ ಇನ್ನೊಬ್ಬರದು, ಮೇಲಿನ ತಂತಿ ಮತ್ತೊಬ್ಬರದು. ಎಲ್ಲರೂ ತಮ್ಮ ಕೆಲಸ ಮಾಡಿದ್ದಾರೆ. ಗಿಡ ಮಾತ್ರ ಸತ್ತಿದೆ.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಸಸಿಗೆ ಪರೀಕ್ಷೆ ಶುರುವಾಗುವುದು ಶಿವರಾತ್ರಿ ಹೊತ್ತಿಗೆ. ಹಾಗಾಗಿ ತರಬೇತಿ ಅಂದರೆ ಭಾಷಣವಲ್ಲ, ಸಣ್ಣಪುಟ್ಟ ಕೈಕೆಲಸ. ಪ್ಲಾಸ್ಟಿಕ್ ಕೊಟ್ಟೆ ಹರಿದೇ ನೆಡಬೇಕು. ಒಳಗೆ ಸುತ್ತಿಕೊಂಡ ಬೇರನ್ನು ಬಿಡಿಸಬೇಕು. ಬುಡಕ್ಕೆ ದರಕು (ಉದುರಿದ ಒಣ ಎಲೆ) ಮುಚ್ಚಬೇಕು, ಅದಕ್ಕೆ ಸುಮ್ನೆ ಬೆಂಕಿ ಹಾಕಬಾರದು. ತಂತಿಯ ಕೆಳಗೆ ಹಲಸು, ಮಾವು ಬೇಡ. ಅವನ್ನೂ ಹೊನ್ನೆಯನ್ನೂ ಬಯಲು ಜಾಗಕ್ಕೆ ಇಟ್ಟುಕೊಳ್ಳಬೇಕು. ಕೊಂಬೆ ಕಡಿಯಲು ಬಂದವರಿಗೆ ಎಲ್ಲಿಂದ ಕಡಿಯಿರಿ ಎಂದು ಹೇಳುವಷ್ಟು ತಿಳಿವಳಿಕೆ, ಧೈರ್ಯ ಎರಡೂ ಬೇಕು.

ನಮ್ಮ ಓಣಿಯಲ್ಲಿ ಒಮ್ಮೆ ಏಳು ಸಸಿ ನೆಟ್ಟೆವು. ಮರು ವರ್ಷಕ್ಕೆ ಉಳಿದದ್ದು ಎರಡು, ಎರಡೂ ಬಾವಿಕಟ್ಟೆಯ ಹತ್ತಿರದವು. ಈ ಸಲ ಸಸಿ ಬರುವ ಮೊದಲೇ ನಾಲ್ಕು ಮನೆಯವರು ಕೂತು ಪಟ್ಟಿ ಮಾಡಿದ್ದೇವೆ: ಫೆಬ್ರವರಿಯಿಂದ ಮೇ ತನಕ ಯಾವ ವಾರ ಯಾರ ಮನೆಯ ಕೊಡಪಾನ ಎಂದು.