14 ವರ್ಷ ತುಂಬಿದ ಮೇಲೂ ಯಾಕೆ ಬಿಟ್ಟಿಲ್ಲ?

ಪ್ರಶ್ನೆ: ನಮ್ಮ ಭಾವ ಕೊಲೆ ಕೇಸಿನಲ್ಲಿ ಮೈಸೂರು ಸೆಂಟ್ರಲ್ ಜೈಲಿನಲ್ಲಿದ್ದಾರೆ. 14 ವರ್ಷ ತುಂಬಿತು, ಆಗಸ್ಟ್ 15ರ ಪಟ್ಟಿಯಲ್ಲಿ ಹೆಸರಿಲ್ಲ. ಎಂಎಲ್ಎ ಹತ್ತಿರ ಲೆಟರ್ ತಂದರೆ ಆಗುತ್ತಾ?
(ಮದ್ದೂರಿನ ಓದುಗರು)

ಉತ್ತರ: ಮಳವಳ್ಳಿಯಿಂದ, ನಂಜನಗೂಡಿನಿಂದ ಇದೇ ಪ್ರಶ್ನೆ ಬರುತ್ತಲೇ ಇದೆ. ಇನ್ನೊಂದು ಸಲ ಹೇಳುತ್ತೇನೆ, ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ. ಜೀವಾವಧಿ ಎಂದರೆ 14 ವರ್ಷ ಅಲ್ಲ, ಉಸಿರಿರುವ ತನಕ. 1961ರಲ್ಲೇ, ಗಾಂಧಿ ಹತ್ಯೆ ಕೇಸಿನಲ್ಲಿ ಜೀವಾವಧಿಯಾಗಿದ್ದ ಗೋಪಾಲ ಗೋಡ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಹಗಲೊಂದು ದಿನ, ರಾತ್ರಿಯೊಂದು ದಿನ ಎಂಬ ಲೆಕ್ಕವಂತೂ ಯಾವ ಕಾನೂನಿನಲ್ಲೂ ಇಲ್ಲ.

ಹಾಗಾದರೆ 14 ಎಲ್ಲಿಂದ ಬಂತು? 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಕಲಂ ಸೇರಿತು. ಗಲ್ಲಿಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿ ಆದವರನ್ನು 14 ವರ್ಷಕ್ಕಿಂತ ಮುಂಚೆ ಬಿಡಕೂಡದು ಎಂದು ಅದು ಸರ್ಕಾರವನ್ನೇ ತಡೆಯಿತು. 14 ಆದಮೇಲೆ ಬಿಡಲೇಬೇಕು ಎಂದು ಅದರಲ್ಲಿ ಒಂದಕ್ಷರವೂ ಇಲ್ಲ. ಈಗ ಅದೇ ನಿಯಮ, ಆ ಸಂಹಿತೆಯ ಜಾಗಕ್ಕೆ ಬಂದಿರುವ ಬಿಎನ್ಎಸ್ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 475ನೇ ಕಲಂ. ಸನ್ನಡತೆಗೆ ಸಿಕ್ಕ ಮಾಫಿ ದಿನಗಳನ್ನು ಈ 14ಕ್ಕೆ ಸೇರಿಸುವಂತಿಲ್ಲ. ಪೆರೋಲ್ ಮೇಲೆ ಹೊರಗಿದ್ದ ದಿನಗಳನ್ನೂ ಕಳೆಯಬೇಕು. ಅನೇಕರ ಲೆಕ್ಕ ತಪ್ಪುವುದು ಇಲ್ಲೇ.

14 ಮುಗಿದವರಿಗೆ ಇರುವುದು ಪರಿಗಣನೆಯ ಹಕ್ಕು. ಜೈಲು ಅಧೀಕ್ಷಕರ ವರದಿ, ಪೊಲೀಸ್ ವರದಿ, ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯ ಇವೆಲ್ಲ ಸೇರಿ ಕಡತ ಸಾಗುತ್ತದೆ. ಎಷ್ಟೋ ಕಡತ ಕೆಡುವುದು ‘ಊರಲ್ಲಿ ವಿರೋಧವಿದೆ’ ಎಂಬ ಒಂದೇ ಸಾಲಿನ ವರದಿಯಿಂದ. ನ್ಯಾಯಾಧೀಶರ ಅಭಿಪ್ರಾಯದಲ್ಲಿ ಸಾಕಷ್ಟು ಕಾರಣಗಳಿರಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಿರಸ್ಕಾರದ ಆದೇಶದ ಪ್ರತಿ ಕೇಳಿ ಪಡೆಯಿರಿ. ಕಾರಣವಿಲ್ಲದಿದ್ದರೆ ಹೈಕೋರ್ಟಿಗೆ ರಿಟ್ ಹಾಕಬಹುದು. ಜೈಲಿನಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ, ಆದಾಯದ ಮಿತಿಯೂ ಇಲ್ಲ.

ಎಂಎಲ್ಎ ಲೆಟರ್ ಬೇಡ. ಜಾತಿ, ಧರ್ಮ, ಪಕ್ಷ ನೋಡಿ ಕೊಟ್ಟ ಕ್ಷಮೆ ನಿಲ್ಲುವುದಿಲ್ಲ ಎಂದು 2006ರಲ್ಲಿ ಆಂಧ್ರದ ರಾಜ್ಯಪಾಲರ ಆದೇಶವನ್ನೇ ಸುಪ್ರೀಂ ಕೋರ್ಟ್ ರದ್ದು ಮಾಡಿದೆ. ಶಿಫಾರಸು ತರಲಾಗದ ಬಡವರ ಕಡತ ಅದೇ ಟೇಬಲ್ಲಿನ ಮೇಲೆ ಇರುತ್ತದೆ ಎಂಬುದು ನೆನಪಿರಲಿ.

ನೀವು ಕೇಳದಿದ್ದರೂ, ಗಲ್ಲಾದವರ ಕ್ಷಮಾದಾನದ ಅರ್ಜಿ ತಡವಾಗುವ ವಿಚಾರವನ್ನೂ ಹೇಳಬೇಕು. ವೀರಪ್ಪನ್ ತಂಡದ ಪಾಲಾರ್ ನೆಲಬಾಂಬ್ ಸ್ಫೋಟದ ಪ್ರಕರಣದಲ್ಲಿ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆಯ) ನ್ಯಾಯಾಲಯ ನಾಲ್ವರಿಗೆ ಜೀವಾವಧಿ ಕೊಟ್ಟಿತ್ತು, 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ತಿರಸ್ಕಾರವಾದದ್ದು 2013ರಲ್ಲಿ. ಅಷ್ಟು ವರ್ಷ ಕಾಯಿಸಿದ್ದೇ ಅನ್ಯಾಯವೆಂದು 2014ರ ಜನವರಿಯಲ್ಲಿ ಅವರ ಗಲ್ಲು ರದ್ದಾಗಿ ಜೀವಾವಧಿಯಾಯಿತು. ತಿರಸ್ಕಾರವನ್ನು ಮನೆಯವರಿಗೆ ಲಿಖಿತವಾಗಿ ತಿಳಿಸಬೇಕು, ತಿಳಿಸಿದ ಮೇಲೆ ಗಲ್ಲಿಗೆ ಕನಿಷ್ಠ 14 ದಿನ ಅಂತರವಿರಬೇಕು ಎಂಬುದೂ ಅದೇ ತೀರ್ಪಿನಲ್ಲಿದೆ.